ಬೋರಲು ಹಾಕಿದ ತೆಪ್ಪದ ಕೆಳಗೆ

ನಂಬುವವರು ನಂಬಿ, ಬಿಡುವವರು ಬಿಡಿ. ಮೀನು ಮಾರುವವಳು ಬಾಯಿಗೆ ಬಂದದ್ದು ಹೇಳುತ್ತಾಳೆ ಎಂದು ನಗುವವರೂ ಇದ್ದಾರೆ, ನಗಲಿ. ಆ ರಾತ್ರಿ ಸೂಳೆಕೆರೆಯ ದಡದಲ್ಲಿ ಕೂತಿದ್ದವಳು ನಾನು, ಅವರಲ್ಲ.

ಹೋದ ವರ್ಷ, ಮುಂಗಾರು ಹಿಡಿಯುವುದಕ್ಕೆ ಸ್ವಲ್ಪ ಮುಂಚೆ. ಸಂಜೆ ಬಲೆ ಬಿಡಲು ಬುಟ್ಟಿಯಂಥ ಎರಡು ದುಂಡು ತೆಪ್ಪಗಳಲ್ಲಿ ಹೊರಟಿದ್ದೆವು. ಒಂದರಲ್ಲಿ ನಾನು ಮತ್ತು ನನ್ನ ಗಂಡ ರುದ್ರಪ್ಪ. ಇನ್ನೊಂದರಲ್ಲಿ ನನ್ನ ತಮ್ಮ ಹಾಲೇಶ, ಒಬ್ಬನೇ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನಿಗೇ ಒಂದು ಮಗುವಾದರೂ ನನ್ನ ಕಣ್ಣಿಗೆ ಇನ್ನೂ ಮೂಗು ಸುರಿಸುವ ಹುಡುಗ.

ನಡುನೀರಿನಲ್ಲಿದ್ದಾಗ ಗಾಳಿ ಎದ್ದಿತು. ಹಿಂದೆಯೇ ಮಳೆ. ಹೇಗೋ ಹುಟ್ಟು ಹಾಕಿಕೊಂಡು, ಗುಡ್ಡದ ಬುಡದಲ್ಲಿ ತೆಪ್ಪ ಕಟ್ಟುವ ಮರೆಯ ಜಾಗ ಸೇರಿದೆವು. ತಿರುಗಿ ನೋಡಿದರೆ... ಹಾಲೇಶ ಇಲ್ಲ.

ಗಂಡ ಫೋನ್ ಮಾಡಿದ. ಸ್ವಿಚ್ ಆಫ್.

ಇಂಥ ಹೊತ್ತಿನಲ್ಲಿ ನಮ್ಮವರು ತೆಪ್ಪವನ್ನು ದಡಕ್ಕೆಳೆದು, ಬೋರಲು ಹಾಕಿ, ಅದರಡಿ ಕೂರುತ್ತಾರೆ. ನಾವೂ ಕೂತೆವು. ಒಳಗೆ ಟಾರಿನ ವಾಸನೆ, ಮೀನಿನ ವಾಸನೆ. ಮೇಲೆ ಮಳೆಯ ಬಡಿತ. ನನ್ನ ಜೀವವೆಲ್ಲ ಕೆರೆಯ ಮೇಲೆಯೇ ಇತ್ತು.

ಆಗ ಕೇಳಿಸಿತು.

"ಅಕ್ಕಾ..."

ಎದ್ದು ಹೊರಗೆ ನುಗ್ಗಿದೆ. ಗಂಡ ಸೆರಗು ಹಿಡಿದು ಜಗ್ಗಿದ.

"ತಡಿಯೇ. ಗಾಳಿ ಗುಡ್ಡದ ಕಡೆಯಿಂದ ಕೆರೆಗೆ ಬೀಸ್ತೈತೆ. ಅಲ್ಲಿ ಕೂಗಿದ್ದು ನಮಗೆ ಹೆಂಗೆ ಕೇಳುತ್ತೆ?"

ಅದೂ ನಿಜವೇ. ಆದರೂ ದನಿ ಪಕ್ಕದಲ್ಲೇ ನಿಂತು ಕರೆದಷ್ಟು ಸ್ಪಷ್ಟವಾಗಿತ್ತು.

"ನನ್ನ ತಮ್ಮನ ದನಿ ನಂಗೆ ಗೊತ್ತಾಗಲ್ವೇನ್ರೀ?"

"ಗೊತ್ತಾಗುತ್ತೆ ಅಂತಾನೇ ಅದು ಆ ದನಿ ತಗಂಡು ಬಂದೈತೆ," ಎಂದ ಪಿಸುಗುಟ್ಟಿ.

ಕತ್ತಲಾದ ಮೇಲೆ ನೀರಿನ ಮೇಲಿದ್ದವರು ನಮ್ಮಲ್ಲಿ ಬಾಯಿಬಿಟ್ಟು ಕೂಗುವುದಿಲ್ಲ. ತೆಪ್ಪದ ಅಂಚಿಗೆ ಹುಟ್ಟಿನಿಂದ ಮೂರು ಸಲ ಬಡಿಯುತ್ತೇವೆ. ಮನುಷ್ಯನಾದವನು ತಿರುಗಿ ಮೂರು ಬಡಿಯುತ್ತಾನೆ. ಬಡಿತವಿಲ್ಲದ ಕೂಗು ಕೆರೆಯೊಳಗಿನದ್ದು, ಅದಕ್ಕೆ ಹೋಗಬಾರದು ಎಂಬುದು ಹಿರಿಯರ ಮಾತು. ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದವಳು, ಆ ರಾತ್ರಿ ನಾನೇ ಹುಟ್ಟು ಎತ್ತಿ ಬಡಿದೆ.

ಟಕ್... ಟಕ್... ಟಕ್.

ಉಸಿರು ಹಿಡಿದು ಕೂತೆವು. ಬಡಿತ ಬರಲಿಲ್ಲ.

"ಅಕ್ಕಾ... ಬಾರೇ..."

ಮತ್ತೆ ಬಡಿದೆ. ಮತ್ತೆ ಬರೀ ಕೂಗು. ಈಗ ಅದರಲ್ಲಿ ಅಳು ಇತ್ತು. ಗಂಡನ ತೋಳು ಹಿಡಿದು ಅಲುಗಾಡಿಸಿದೆ.

"ನಿಜವಾಗ್ಲೂ ಅವನೇ ಆಗಿದ್ರೆ?"

"ಅವನೇ ಆಗಿದ್ರೆ ಬಡೀತಿದ್ದ. ನಿನಗೂ ಮಕ್ಕಳು ಅದಾವೆ, ಕುತ್ಕ."

ಕೂತೆ. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಎಷ್ಟೋ ಹೊತ್ತಿನ ಮೇಲೆ ದನಿ ಥಟ್ಟನೆ ನಿಂತಿತು. ಆಮೇಲಿನ ಮೌನವನ್ನು ತಡೆಯುವುದು ಇನ್ನೂ ಕಷ್ಟವಾಯಿತು.

ಬೆಳಕು ಹರಿದಾಗ ಮಳೆ ಬಿಟ್ಟಿತ್ತು. ಅಳುತ್ತಲೇ ಹುಟ್ಟು ಹಾಕಿದೆ. ಆಚೆ ದಡದಲ್ಲಿ ಒಂದು ತೆಪ್ಪ ಬೋರಲು ಬಿದ್ದಿತ್ತು. ಎತ್ತಿದರೆ, ಅದರಡಿ ಹಾಲೇಶ ಗೊರಕೆ ಹೊಡೆಯುತ್ತಿದ್ದ! ಎಬ್ಬಿಸಿ ಕೆನ್ನೆಗೆ ಬಾರಿಸಿದೆ, ಆಮೇಲೆ ತಬ್ಬಿಕೊಂಡು ಗೋಳೋ ಎಂದು ಅತ್ತೆ.

ಅವನು ಕೆನ್ನೆ ಉಜ್ಜಿಕೊಂಡು ನಕ್ಕ. "ರಾತ್ರಿ ಉಳಿಸಿ ಬೆಳಿಗ್ಗೆ ಹೊಡೀತೀಯಲ್ಲಕ್ಕಾ?"

"ಏನಂದೆ?"

"ಹುಟ್ಟು ಕೈತಪ್ಪಿ ನೀರಿಗೆ ಹೋಯ್ತು. ಫೋನೂ ಹೋಯ್ತು. ಬಡಿಯಾಕೆ ಏನೂ ಇರಲಿಲ್ಲ, ಅದಕ್ಕೇ ಕೂಗಿದೆ. ನೀನು ಬಂದ್ಯಲ್ಲ! ಎದೆಮಟ್ಟದ ನೀರಾಗೆ ನಡಕಂಡು ಬಂದು ತೆಪ್ಪ ಎಳೆದೆ. ನಡುಕೆರೆಯಾಗೆ ನಿನಗೆ ನೆಲ ಹೆಂಗೆ ಸಿಕ್ತು ಅಂತ ನಂಗೂ ತಿಳೀಲಿಲ್ಲ..."

ನನ್ನ ಗಂಡ ಮುಖ ಆಚೆ ತಿರುಗಿಸಿದ.

"ಒಂದು ಮಾತೂ ಆಡಲಿಲ್ಲ ನೀನು," ಎಂದ ಹಾಲೇಶ. "ತೊಡೆ ಮೇಲೆ ಮಲಗಿಸ್ಕಂಡು ಸೆರಗಿನಾಗೆ ತಲೆ ಒರೆಸಿದೆ. ಅಂಥ ಮಳೆಯಾಗೂ ಸೆರಗು ಒಣಗೇ ಇತ್ತಲ್ಲಕ್ಕಾ?"

ಅದು ನಾನಲ್ಲ ಎಂದು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಮನೆಗೆ ಬಂದವರ ಮುಂದೆಲ್ಲ ಅವನು, "ಕೂಗಿದ ತಕ್ಷಣ ಬಂದ್ಳು ನಮ್ಮಕ್ಕ," ಎಂದು ಕೊಚ್ಚಿಕೊಳ್ಳುತ್ತಾನೆ. ತಮ್ಮ ಬದುಕಿದ್ದಾನೆ, ಇನ್ನೇನು ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಆದರೆ ಅವನು ಬಾಗಿಲಲ್ಲಿ ನಿಂತು "ಅಕ್ಕಾ" ಎಂದಾಗಲೆಲ್ಲ ನನಗೆ ಓ ಎನ್ನಲು ಬಾಯಿ ಬರುವುದಿಲ್ಲ. ಕರೆಯುತ್ತಿರುವುದು ನನ್ನನ್ನೋ... ಅವಳನ್ನೋ?