ಗೃಹಪ್ರವೇಶದ ಮಾತ್ರೆ

ಐವತ್ತಾರನೆಯ ವಯಸ್ಸಿನಲ್ಲಿ ಪ್ರೆಗ್ನೆನ್ಸಿ ಕಿಟ್ ಕೊಳ್ಳಲು ಹೋದರೆ ಹೇಗಿರುತ್ತೆ ಗೊತ್ತಾ? ನನ್ನನ್ನು ಕೇಳಿ.

ಕಳೆದ ವಾರ ಯಲಹಂಕದಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಮೊದಲು ಟೂತ್‌ಪೇಸ್ಟ್ ಕೇಳಿದೆ. ಆಮೇಲೆ ಕೆಮ್ಮಿನ ಸಿರಪ್. (ಕೆಮ್ಮಿರಲಿಲ್ಲ.) ಆಮೇಲೆ ಹತ್ತಿ. ಕೊನೆಗೆ ಧೈರ್ಯ ಮಾಡಿ ಕಿಟ್ ಅಂದೆ. ವರ್ಷಗಟ್ಟಲೆಯಿಂದ ನನಗೆ ಬಿಪಿ ಮಾತ್ರೆ ಕೊಡುತ್ತಿರುವ ಆತ ಕನ್ನಡಕ ತೆಗೆದು, “ಯಾರಿಗೆ ಮೇಡಂ?” ಎಂದ.

“ನನಗೇ ಕಣಪ್ಪಾ!”

ಪಾಪ, ಟೂತ್‌ಪೇಸ್ಟನ್ನು ಕವರಿಗೆ ಹಾಕುವುದನ್ನೇ ಮರೆತ.

ಕಿಟ್ ಬೇಕಾಗಿದ್ದದ್ದು ಲಿಖಿತಾಗೆ. ನನ್ನ ತಂಗಿಯ ಮಗಳು. ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ನಾಲ್ಕು ತಿಂಗಳು, ಸಿಂಗಾಪುರದ ಸೊಸೆ (ಫಾರಿನ್ ಅಲ್ಲ, ಇಲ್ಲೇ ಯಲಹಂಕದ ಹತ್ತಿರದ್ದು). ಬಿ.ಎಡ್ ಕೊನೆಯ ವರ್ಷ ಓದುತ್ತಿದ್ದಾಳೆ. ಓದು ಮುಗಿದು ಕೆಲಸ ಸಿಗುವವರೆಗೂ ಮಗು ಬೇಡ ಅಂತ ಅವಳೂ ಗಂಡ ಅರುಣನೂ ಮಾತಾಡಿಕೊಂಡಿದ್ದರು. ಆವತ್ತು ಬೆಳಿಗ್ಗೆ ನಮ್ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಳಲು ಶುರು ಮಾಡಿದಳು.

“ದೊಡ್ಡಮ್ಮಾ, ಈ ಸಲ ಪೀರಿಯಡ್ಸ್ ಆಗಿಲ್ಲ. ನನ್ ಓದು ಎಲ್ಲಾ ಹೋಯ್ತು.”

“ಅಳ್ಬೇಡ್ವೇ. ಏನೂ ಪ್ರಿಕಾಷನ್ ತಗೊಂಡಿರ್ಲಿಲ್ವಾ?”

“ಮಾತ್ರೆ ತಗೋತಿದ್ನಲ್ಲ!”

“ಯಾವ್ ಮಾತ್ರೆ?”

“ನೀವೇ ಕೊಟ್ರಲ್ಲ ದೊಡ್ಡಮ್ಮಾ. ಗೃಹಪ್ರವೇಶಕ್ಕೆ.”

ಅಯ್ಯೋ ದೇವರೇ!

ಹೆಂಗಸರಿಗೆ ಇದು ಗೊತ್ತು, ಗಂಡಸರಿಗಾಗಿ ಹೇಳುತ್ತೇನೆ. ಪೂಜೆಯ ದಿನ ಮುಟ್ಟಾಗಬಾರದು ಅಂತ ಅದನ್ನು ನಾಲ್ಕು ದಿನ ಮುಂದೂಡುವ ಮಾತ್ರೆಯೊಂದಿದೆ. ನಮ್ಮ ಮನೆಗಳಲ್ಲಿ ಅದು ಉಪ್ಪಿನಕಾಯಿಯ ಹಾಗೆ ಅಕ್ಕನಿಂದ ತಂಗಿಗೆ, ತಂಗಿಯಿಂದ ನಾದಿನಿಗೆ ಹೋಗುತ್ತಿರುತ್ತೆ. ಡಾಕ್ಟರನ್ನು ಯಾರು ಕೇಳುತ್ತಾರೆ? ಲಿಖಿತಾಳ ಮಾವ ಹೊಸದಾಗಿ ನಾಲ್ಕಂತಸ್ತಿನ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಹೊಸ ಸೊಸೆಯೇ ಕಲಶ ಹಿಡಿಯಬೇಕು. ನಾನೇ ಮಾತ್ರೆಯ ಶೀಟ್ ಕೊಟ್ಟು, ದಿನಕ್ಕೆ ಎಷ್ಟು ಅಂತಲೂ ಹೇಳಿ, ಮಹದುಪಕಾರ ಮಾಡಿದವಳಂತೆ ಬೀಗಿದ್ದೆ.

ಅವಳ ಲಾಜಿಕ್ ಕೇಳಿ. “ಅದೂ ಹಾರ್ಮೋನ್ ಮಾತ್ರೆ ತಾನೇ? ಪೀರಿಯಡ್ಸೇ ನಿಲ್ಲತ್ತೆ ಅಂದ್ಮೇಲೆ ಪ್ರೆಗ್ನೆಂಟ್ ಹೆಂಗಾಗ್ತೀವಿ ಅಂದ್ಕೊಂಡೆ. ಅರುಣ್‌ಗೂ ಈಗೇನೂ ತರ್ಬೇಕಾಗಿಲ್ಲ ಬಿಡಿ ಅಂದೆ. ಅವ್ರಿಗೂ ಸಮಾಧಾನ ಆಯ್ತು.”

ಆಗದೆ ಇರುತ್ತಾ? ಅವರ ಬೀದಿಯ ಮೆಡಿಕಲ್ ಶಾಪ್ ಇರುವುದೇ ಮಾವನ ಬಿಲ್ಡಿಂಗಿನ ಕೆಳಗೆ. ಅಲ್ಲಿ ಕಾಂಡೋಮ್ ಕೊಂಡರೆ, ಅರುಣ್ ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಮನೆಗೆ ಬಂದು ಕಾಫಿ ಕುಡಿಯುತ್ತಾ ಕೂತಿರುತ್ತೆ. ಬಡಪಾಯಿ ಅಲ್ಲಿಯವರೆಗೆ ಹೆಬ್ಬಾಳದಿಂದ ತರುತ್ತಿದ್ದನಂತೆ.

ಬಿಎಸ್ಸಿಯಲ್ಲಿ ಜೂಆಲಜಿ ಓದಿದ ಹುಡುಗಿ ಸ್ವಾಮೀ ಇವಳು! ಕಪ್ಪೆಯ ಸಂತಾನೋತ್ಪತ್ತಿ ಅಂಗಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಫುಲ್ ಮಾರ್ಕ್ಸ್ ತಗೊಂಡವಳು. ಬೈಯಲು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡೆ.

ಯಾಕೆಂದರೆ, ‘ಹಾಲು ಕುಡಿಸುವಾಗ ಬಸಿರಾಗಲ್ಲ’ ಎಂದು ನಮ್ಮತ್ತೆ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಿ, ದೊಡ್ಡವನಿಗೆ ಹತ್ತು ತಿಂಗಳಿದ್ದಾಗ ನಾನೂ ಹೀಗೇ ಅತ್ತಿದ್ದೆ. (ಚಿಕ್ಕವನೇ, ಓದುತ್ತಿದ್ದರೆ ಬೇಜಾರು ಮಾಡ್ಕೋಬೇಡ ಕಣೋ. ನೀನು ಬಂದದ್ದು ನಮ್ಮ ಭಾಗ್ಯ.) ಇದನ್ನು ಯಾರಿಗೂ ಹೇಳಿರಲಿಲ್ಲ. ಲಿಖಿತಾಗೆ ಹೇಳಿದೆ. ಮೂಗು ಒರೆಸಿಕೊಳ್ಳುತ್ತಲೇ ನಕ್ಕಳು.

ಕಿಟ್‌ನಲ್ಲಿ ಒಂದೇ ಗೆರೆ ಬಂತು. ಅಂದರೆ ಇಲ್ಲ. ಆದರೂ ಇಬ್ಬರಿಗೂ ಧೈರ್ಯ ಸಾಲದೆ ಮರುದಿನ ವಿದ್ಯಾರಣ್ಯಪುರದ ಲೇಡಿ ಡಾಕ್ಟರ್ ಹತ್ತಿರ ಹೋದೆವು. ಅರುಣ್ ಹೊರಗೇ ಕೂರುತ್ತೇನೆ ಎಂದ. “ಒಳಗೆ ಬನ್ನಿ ಅರುಣ್, ಪಾಠ ಇಬ್ರಿಗೂ ಬೇಕು” ಎಂದು ಎಳೆದುಕೊಂಡು ಹೋದೆ.

“ಮುಟ್ಟು ಮುಂದೂಡೋ ಮಾತ್ರೆ ಬೇರೆ, ಗರ್ಭ ತಡೆಯೋ ಮಾತ್ರೆ ಬೇರೆ ಕಣಮ್ಮಾ” ಎಂದರು ಡಾಕ್ಟರು. “ಅದನ್ನ ನಂಬ್ಕೊಂಡ್ರೆ ರಿಸ್ಕ್ ಹಾಗೇ ಇರತ್ತೆ. ಒಂದೇ ಸಲಕ್ಕೂ ಆಗ್ಬಹುದು. ಒಂದ್ ವಾರ ನೋಡಿ, ಮುಟ್ಟಾಗದಿದ್ರೆ ಇನ್ನೊಂದ್ ಟೆಸ್ಟ್ ಮಾಡೋಣ.”

ಆಮೇಲೆ ಕಾಂಡೋಮ್, ದಿನಾ ತಪ್ಪದೆ ನುಂಗುವ ಮಾತ್ರೆ, ಕಾಪರ್ ಟಿ, ಯಾವುದು ಯಾರಿಗೆ ಸರಿ ಎಂದು ಬಿಡಿಸಿ ಹೇಳಿದರು. ಎಡವಟ್ಟಾದರೆ ಎಮರ್ಜೆನ್ಸಿ ಮಾತ್ರೆ ಇದೆ, ಆದರೆ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು, ಅದನ್ನೇ ಅಭ್ಯಾಸ ಮಾಡಿಕೊಳ್ಳಬಾರದು ಎಂದರು. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಅರುಣ್ ಕಿವಿ ಕೆಂಪಾಗಿಸಿಕೊಂಡು ಎರಡು ಪ್ರಶ್ನೆ ಕೂಡ ಕೇಳಿದ. ಶಭಾಷ್ ಅನ್ನಿಸಿತು.

“ಅಂದ್ಹಾಗೆ ಆ ಮಾತ್ರೆ ಬರ್ಕೊಟ್ಟ ಡಾಕ್ಟರ್ ಯಾರು?” ಎಂದು ಅವರು ಕೇಳಿದಾಗ ನಾನು ಗೋಡೆಯ ಮೇಲಿದ್ದ ಮಗುವಿನ ಫೋಟೊವನ್ನೇ ನೋಡುತ್ತಾ ಕೂತೆ.

ಮೊನ್ನೆ ಗುರುವಾರ ಫೋನ್ ಬಂತು. “ದೊಡ್ಡಮ್ಮಾ, ಆಯ್ತು!” ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಮಗು ಬೇಡ ಅಂತಲ್ಲ. ಅವರಿಗೆ ಬೇಕು ಅನ್ನಿಸಿದಾಗ ಬರಲಿ, ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತೇನೆ. ಆದರೆ ನನ್ನ ಅರೆಬರೆ ಬುದ್ಧಿಯಿಂದ ಆ ಹುಡುಗಿಯ ಓದು ನಿಲ್ಲುವುದರಲ್ಲಿತ್ತಲ್ಲ!

ನಿನ್ನೆ ಲಿಖಿತಾಳ ಅತ್ತೆ ಫೋನ್ ಮಾಡಿದ್ದರು. ಒಳ್ಳೆಯ ಹೆಂಗಸು, ಸೊಸೆ ಎಂದರೆ ಪ್ರಾಣ. ನಡೆದದ್ದೇನೂ ಗೊತ್ತಿಲ್ಲ.

“ಅಕ್ಕಾ, ಬರೋ ಉಣ್ಣಿಮೆಗೆ ಸತ್ಯನಾರಾಯಣ ಪೂಜೆ ಇಟ್ಕಂಡಿದೀವಿ. ಇವ್ಳ ಡೇಟು ಆಸುಪಾಸಲ್ಲೇ ಬರ್ತೈತೆ. ಇನ್ನೊಂದ್ ಶೀಟ್ ಮಾತ್ರೆ ಐತಾ? ಗೃಹಪ್ರವೇಶಕ್ಕೂ ಇವ್ಳ ಡೇಟ್ ಕೇಳ್ಕಂಡೇ ನಮ್ಮನೆಯವ್ರು ಪುರೋಹಿತರ ತಾವ ಮುಹೂರ್ತ ಇಡಿಸಿದ್ದು, ಆದ್ರೂ ಎಲ್ಲಿ ಮುಂಚೇನೇ ಆಗೋಯ್ತದೋ ಅಂತ ನಿಮ್ ಮಾತ್ರೆ ನುಂಗ್ಸಿದ್ದು. ಅಡ್ಗೆ ಭಟ್ರಿಗೂ ಇವ್ಳ ಡೇಟ್ ನೋಡ್ಕಂಡೇ ದಿನ ಏಳಿದ್ವಿ.”

“ಇನ್ಮೇಲೆ ಡಾಕ್ಟರನ್ನ ಕೇಳ್ದೆ ನಾನ್ ಮಾತ್ರೆ ಕೊಡಲ್ಲಮ್ಮಾ” ಎಂದು ಫೋನಿಟ್ಟೆ.

ಅತ್ತೆ, ಮಾವ, ಪುರೋಹಿತರು, ಅಡುಗೆ ಭಟ್ಟರು. ಇಷ್ಟು ಜನ ಕೂತು ಒಂದು ಹುಡುಗಿಯ ಮುಟ್ಟಿನ ತಾರೀಕು ಲೆಕ್ಕ ಹಾಕುವಾಗ ಬಾರದ ನಾಚಿಕೆ, ಆ ಲೆಕ್ಕದ ಅರ್ಥವನ್ನು ಅವಳಿಗೇ ಹೇಳಿಕೊಡಬೇಕಾದಾಗ ಮಾತ್ರ ನಮಗೆಲ್ಲಿಂದ ಬರುತ್ತೆ?