ನಕಾಶೆಯೊಳಗಿಲ್ಲದ ಬಾವಿ

ಗಾಳೆಮ್ಮನ ಕಾಲು ಒಂದು ಕಡೆ ನಿಲ್ಲಾಕ ಒಲ್ಲವು. ಮುಂಜಾನಿಂದ ಮನಿಗೂ ಹೊಲಕ್ಕೂ ತಿರುಗಿದ್ದೇ ತಿರುಗಿದ್ದು. ಹಂಚಿನ ಮ್ಯಾಲೆ ರೊಟ್ಟಿ ಕರಕಾದ್ರೂ ಆಕಿಗೆ ಖಬರಿಲ್ಲ. ಇರೋದರ ಹೆಂಗ? ಸಿಂಧನೂರಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗೋ ಹೊಸ ಸಡಕು ಆಕಿ ಹೊಲದಾಗೇ ಬರತಿತ್ತು. ಸರ್ಕಾರದವರ ಗೂಟ ಬಾವಿ ದಂಡೀಗೆ ಬಂದು ಕುಂತಿತ್ತು.

ಉಪ್ಪುನೀರಿನ ಊರದು. ಸೀನೀರಿನ ಬಾವಿ ಅಂದ್ರ ನಾಕಾರು, ಅದರಾಗ ಇದೊಂದು. ಗಂಡ ಅಂಬಪ್ಪ ಸತ್ತು ಹೋಗೋಕಿಂತ ಮುಂಚೆ ತೋಡಿ ಕೊಟ್ಟಿದ್ದ. ಆದರ ನಕಾಶೆಯೊಳಗ ಬಾವಿನೇ ಇಲ್ಲ! ಹಿಂದ ಹೊಲ ಅಳೆಯೋರು ಬಂದಾಗ, ಬಾವಿ ಕಂಡ್ರ ಕಂದಾಯ ಏರತೈತಂತ ಅಂಬಪ್ಪ ಅದರ ಬಾಯಿಗೆ ತೊಲಿ ಹಾಸಿ, ಮ್ಯಾಲೆ ಜ್ವಾಳದ ಕಣಕಿ ಬಣವಿ ಒಟ್ಟಿದ್ದ. ಅವನೊಬ್ಬನೇ ಏನು? ಬಾವಿ ಇದ್ದವರೆಲ್ಲಾ ಒಟ್ಟಿದ್ರು. ಅಳೆಯೋರಿಗೆ ಪಾಪ, ಎತ್ತ ನೋಡಿದ್ರೂ ಬಣವಿ. ಮೊನ್ನೆ ಗೂಟ ನೆಡಾಕ ಬಂದೋರಿಗೂ ಹಂಗೇ.

ಊರ ಹಿರಿಯ ದೊಡ್ಡಬಸಪ್ಪ ಅಂಗಳಕ್ಕ ಬಂದು ನಿಂತ. "ತಂಗಿ, ನಾಳೆ ಚಾವಡ್ಯಾಗ ಸಡಕಿನ ಸಾಹೇಬ್ರ ಮುಂದ ಬಾಯಿ ಬಿಟ್ಟೀಯಂದ್ರ ಎಲ್ಲಾರ ಬಾವಿನೂ ಹೊರಗ ಬರತಾವ. ಒಂದು ಬಾವಿ ಹೋದ್ರ ಊರೇನು ಮುಳುಗತೈತಿ?"

"ಹೌದು ಯಣ್ಣಾ, ಹೋಗೋದು ನಿಂದಲ್ಲಲ್ಲ!" ಅಂದಳು ಗಾಳೆಮ್ಮ.

ಬಾಯಿಬಡಕಿ ಅಂತ ಊರಾಗ ಹೆಸರಾದಾಕಿ. ಆದರ ಈ ಮಾತು ಬಾಯಾಗಿನ ಬಿಸಿತುಪ್ಪ ಆಗಿತ್ತು, ನುಂಗಾಕೂ ಆಗದು, ಉಗುಳಾಕೂ ಆಗದು.

ಮರುದಿನ ಸಾಹೇಬ್ರು ನಕಾಶೆ ಹಾಸಿ, ಗಾಳಿಗೆ ಹಾರದಂಗ ನಾಕೂ ಮೂಲಿಗೆ ಕಲ್ಲಿಟ್ಟರು. ಕೆಂಪು ಗೆರಿ ಮ್ಯಾಲೆ ಬೆರಳಾಡಿಸಿ, "ಇಲ್ಲಿ ಬರೇ ಒಣಹೊಲ. ಯಾರದಾದರೂ ತಕರಾರು ಐತೇನು?" ಅಂದ್ರು.

ದೊಡ್ಡಬಸಪ್ಪ ಕಣ್ಣು ಕೆಕ್ಕರಿಸಿದ. ಗಾಳೆಮ್ಮ ಸೆರಗು ಸಿಗಿಸಿ ಮುಂದ ಬಂದಳು.

"ಐತ್ರೀ! ಅಲ್ಲೆ ನಂದು ಬಾವಿ ಐತ್ರೀ. ನಾವೇ ಮುಚ್ಚಿದ್ವಿ. ದಂಡ ಹಾಕ್ರಿ, ಕಂದಾಯ ಹಾಕ್ರಿ, ಬಾವಿಗೆ ಮಣ್ಣು ಮಾತ್ರ ಹಾಕಬ್ಯಾಡ್ರಿ ನಮ್ಮಪ್ಪ."

ಮಂದಿ ಗುಸುಗುಸು ಅಂದ್ರು. ಉಳಿದವರ ಸುದ್ದಿ ಆಕಿ ಎತ್ತಲಿಲ್ಲ. ಸಾಹೇಬ್ರು ಹೊಲಕ್ಕ ಹೋಗಿ ಬಣವಿ ತೆಗೆಸಿ ಬಾವಿ ನೋಡಿ, ಬೊಗಸಿ ನೀರು ಕುಡದು ಬಂದ್ರು. ನಕಾಶೆ ಮ್ಯಾಲೆ ಬಾವಿ ಗುರುತು ಹಾಕಿ ಗೆರಿ ಅಳಿಸಿ, ಸ್ವಲ್ಪ ಮೂಡಣಕ್ಕ ಸರಿಸಿದ್ರು.

"ಇದೂ ಬರೇ ಒಣಹೊಲ. ತಕರಾರು?"

ಅದು ದೊಡ್ಡಬಸಪ್ಪನ ಹೊಲ. ಅಲ್ಲೂ ಬಣವಿ ಕೆಳಗೊಂದು ಬಾವಿ. ಚಾವಡಿ ಮಂದಿಯೆಲ್ಲಾ ಅವನ ಕಡೆ ತಿರುಗಿದ್ರು.  ಅವನು ಮೆಲ್ಲಗ ಗಾಳೆಮ್ಮನ ಕಡೆ ಸರದು, "ತಂಗಿ... ಹೆಂಗೂ ನೀ ಹೇಳಾಕತ್ತಿ, ನಂದೂ ಒಂದ ಮಾತು ಹೇಳಿಬಿಡು" ಅಂದ.

"ನಿನ್ನ ಬಾವಿ ಯಣ್ಣಾ. ನೀನೇ ಹೇಳಬೇಕು."

ಸಾಹೇಬ್ರು ಪೆನ್ಸಿಲ್ ಊರಿದ್ರು. ದೊಡ್ಡಬಸಪ್ಪ ರುಮಾಲು ಬಿಚ್ಚಿ ಬಗಲಾಗ ಹಿಡಕೊಂಡು, ಎಲ್ಲಾರ ಮುಂದ ಎದ್ದು ನಿಂತ.