ನೀರು ಮರೆತದ್ದು

ಮುಂಡಗೋಡದ ಸಂತೆಯಲ್ಲಿ ನಾನು ಹಾಗೆ ಕೂಗಬಾರದಿತ್ತು. ಗೋಲಿ ಸೋಡಾ ಮಾರುವ ಮುದುಕರು ಹುಸೇನಸಾಬರು. ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ಬರ್ಫದ ಗಡ್ಡೆಗೆ ಉಪ್ಪು ಬೆರೆಸಿ ಬಕೆಟ್ಟಿಗೆ ತುಂಬಿ, ಅದರಲ್ಲಿ ಬಾಟ್ಲಿ ಹುಗಿದಿಟ್ಟಿದ್ದರು. ಒಂದನ್ನು ತೆಗೆದು, ಗೋಲಿ ಒತ್ತಿ ನನ್ನ ಕೈಗೆ ಕೊಟ್ಟರು. ತಿಳಿಯಾಗಿದ್ದ ಸೋಡಾ ನೋಡನೋಡುತ್ತಲೇ ಬೆಳ್ಳಗೆ ಹೆಪ್ಪುಗಟ್ಟಿತು.

“ಇದರಾಗ ಏನ್ ಔಷಧ ಹಾಕೀದಿಯೋ ಮುದುಕಾ?” ಎಂದು ಕಿರುಚಿದೆ. ಕುಡಿಯುತ್ತಿದ್ದವರೆಲ್ಲ ಬಾಟ್ಲಿ ಕೆಳಗಿಟ್ಟು ಎದ್ದು ಹೋದರು.

ಹುಸೇನಸಾಬರು ಜಗಳಕ್ಕೆ ಬರಲಿಲ್ಲ. ಖಾಲಿ ಶೀಶೆಯೊಂದನ್ನು ಚಾಚಿ, “ನೀವ ನೀರ ತುಂಬಕೊಂಡ ಬರ್ರಿ ಸಾಹೇಬ್ರ,” ಎಂದರು. ತಂದುಕೊಟ್ಟೆ. ಅದನ್ನೂ ಬಕೆಟ್ಟಿನಲ್ಲಿ ಹುಗಿದು, ಅರ್ಧ ತಾಸಿನ ಮೇಲೆ ಅಲುಗಾಡದಂತೆ ಎತ್ತಿದರು. ನೀರು ನೀರಾಗಿಯೇ ಇತ್ತು. ಸಾಸಿವೆಯಷ್ಟು ಬರ್ಫದ ಚೂರು ಒಳಗೆ ಹಾಕಿದರು. ನೀರು ಮೇಲಿನಿಂದ ತಳದತನಕ ಗಟ್ಟಿಯಾಗುತ್ತ ಇಳಿಯಿತು.

“ಭಾಳ ತಣ್ಣಗಾದ್ರೂ ನೀರು ಒಮ್ಮೊಮ್ಮೆ ಬರ್ಫ ಆಗೂದ ಮರೀತೈತ್ರಿ. ಯಾರರೆ ನೆನಪು ಮಾಡಿ ಕೊಡಬೇಕು.”

ನೋಡಲು ನಾನೊಬ್ಬನೇ ಉಳಿದಿದ್ದೆ. ಗಿರಾಕಿಗಳು ತಿರುಗಿ ಬರಲಿಲ್ಲ.

“ನಿಮ್ಮದು ಏನ್ ಕೆಲಸ್ರೀ?” ಎಂದು ಹುಸೇನಸಾಬರು ಮೆತ್ತಗೆ ಕೇಳಿದರು.

ದಾಂಡೇಲಿಯ ಹೊಸ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದಿನಾ ನೀರು ಪರೀಕ್ಷೆ ಮಾಡುವ ನಾನು, “ಗುಮಾಸ್ತ,” ಎಂದೆ.